ಬುತ್ತಿಮೂಲೆಯ ಐದು ಚುಕ್ಕೆಗಳು

ಪರದೆಯ ಮೇಲೆ ಐದು ಹಸಿರು ಚುಕ್ಕೆಗಳು ಗಣಿಯೊಳಗೆ ಊಟಕ್ಕೆ ಕೂರುವ ಬುತ್ತಿಮೂಲೆಯಲ್ಲಿ ಹಾಯಾಗಿ ಕೂತಿದ್ದವು. ಪಾಳಿ ಶುರುವಾದಾಗಲೂ ಅಲ್ಲೇ, ಈಗಲೂ ಅಲ್ಲೇ. ಪಕ್ಕದ ಇನ್ನೊಂದು ಪರದೆಯಲ್ಲಿ ಮಾತ್ರ ಅದೇ ಐವರ ಕಲ್ಲಿದ್ದಲು ಕನ್ವೇಯರ್ ಮೇಲೆ ಒಂದೇ ಸಮನೆ ಹರಿದು ಬರುತ್ತಿತ್ತು. ಕೂತ ಜಾಗ ಬಿಟ್ಟು ಕದಲದೆ, ಬುತ್ತಿಯ ಡಬ್ಬಿ ಮುಚ್ಚದೆ, ಇಡೀ ಗಣಿಗೇ ಹೆಚ್ಚು ಕಲ್ಲಿದ್ದಲು ತೆಗೆಯುವ ಇಂಥ ತಂಡ ಜಗತ್ತಿನಲ್ಲಿ ಬೇರೆಲ್ಲೂ ಸಿಗಲಿಕ್ಕಿಲ್ಲ.

ಆ ಗಣಿಯ ಸುರಕ್ಷತಾ ಅಧಿಕಾರಿಗೆ ಈ ಚುಕ್ಕೆಗಳನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಒಂದೊಂದು ಚುಕ್ಕೆ ಎಂದರೆ ಒಬ್ಬೊಬ್ಬ ಕೆಲಸಗಾರನ ಸೊಂಟಕ್ಕೆ ಸಿಕ್ಕಿಸಿ ಕಳಿಸಿದ ಒಂದೊಂದು ಟ್ಯಾಗ್. ಸೊಂಟದಲ್ಲಿ ಇರಬೇಕಾದದ್ದು ಬುತ್ತಿಮೂಲೆಯ ಮರದ ಕಂಬದ ಮೊಳೆಗೆ ನೇತುಬಿದ್ದಿದೆ ಎಂಬುದು ಅವಳಿಗೆ ಗೊತ್ತು, ಕಂಟ್ರೋಲ್ ರೂಮಿನ ಆಪರೇಟರಿಗೆ ಗೊತ್ತು, ಮ್ಯಾನೇಜರಿಗೂ ಗೊತ್ತು. ಗೊತ್ತಿಲ್ಲದ್ದು ಪರದೆಗೆ ಮಾತ್ರ. ಆಪರೇಟರಂತೂ ಆ ಪರದೆಯ ಮುಂದೆ ತನ್ನ ನೀರಿನ ಬಾಟಲಿ, ಕನ್ನಡಕದ ಡಬ್ಬಿ ಇಟ್ಟುಕೊಂಡು ಎಷ್ಟೋ ಕಾಲವಾಗಿತ್ತು.

"ಏನ್ ಮೇಡಂ, ನಿಮ್ಮಣ್ಣನ ತಂಡದವರು ಇವತ್ತೂ ಊಟ ಮುಗಿಸೋ ಹಾಗೆ ಕಾಣಲ್ಲ," ಎಂದ ಅವನು, ಬಾಟಲಿ ಎತ್ತಿಕೊಳ್ಳುತ್ತ.

"ನಗಬೇಡಿ. ಇದು ನಗೋ ವಿಷಯ ಅಲ್ಲ."

"ಅಳೋಕೆ ಸಂಬಳ ಕೊಡಲ್ವಲ್ಲ ಮೇಡಂ, ಅದಕ್ಕೇ ನಗ್ತೀನಿ."

ಆ ಟ್ಯಾಗುಗಳನ್ನು ತರಿಸಲು ಅವಳು ಪಟ್ಟ ಪಾಡು ನಾಯಿಗೂ ಬೇಡ. ಹಿಂದೊಮ್ಮೆ ಕೇಬಲ್ ಹಿಡಿಯುವವನೊಬ್ಬ ಧೂಳು, ಕತ್ತಲೆ, ಗದ್ದಲದ ನಡುವೆ ಕೊರೆಯುವ ಮೆಷಿನ್ನಿಗೂ ಗೋಡೆಗೂ ಮಧ್ಯೆ ಸಿಕ್ಕಿ ಸತ್ತಿದ್ದ. ರಿಮೋಟ್ ಹಿಡಿದು ಆ ಮೆಷಿನ್ ನಡೆಸುತ್ತಿದ್ದವನು ಅವಳ ಅಣ್ಣನೇ. ಸತ್ತವನು ಅಣ್ಣನ ಜೀವದ ಗೆಳೆಯ. ಯಾರ ತಪ್ಪೂ ಅಲ್ಲ ಎಂದು ವಿಚಾರಣೆ ಹೇಳಿತು. ವಿಚಾರಣೆ ಹೇಳಿದರೆ ಹೊಟ್ಟೆ ಒಪ್ಪಬೇಕಲ್ಲ. ಅಣ್ಣ ಆಮೇಲೆ ಎಷ್ಟೋ ದಿನ ತಟ್ಟೆಯ ಮುಂದೆ ಕೂತು, ಅನ್ನ ಕಲಸಿ, ಬಾಯಿಗಿಡದೆ ಎದ್ದುಹೋಗುತ್ತಿದ್ದ. ಅದನ್ನು ನೋಡಲಾರದೆ ಅವಳು ಹಠಕ್ಕೆ ಬಿದ್ದಳು. ಟ್ಯಾಗ್ ಹಾಕಿಕೊಂಡವನು ಮೆಷಿನ್ನಿನ ಹತ್ತಿರ ಹೋದರೆ ಅದು ಕಿರುಚುತ್ತದೆ, ಇನ್ನೂ ಹತ್ತಿರ ಹೋದರೆ ಮೆಷಿನ್ನನ್ನೇ ನಿಲ್ಲಿಸಿಬಿಡುತ್ತದೆ, ಮೇಲಿಂದ ಯಾರು ಎಲ್ಲಿದ್ದಾರೆಂದು ಪರದೆಗೆ ತಿಳಿಸುತ್ತದೆ. ಇಂಥದ್ದೊಂದು ಅಂದೇ ಇದ್ದಿದ್ದರೆ ಕೇಬಲ್‌ನವನು ಇವತ್ತಿಗೂ ಬದುಕಿರುತ್ತಿದ್ದ. ಅರ್ಜಿ ಹಾಕಿದಳು, ಬೈಸಿಕೊಂಡಳು, ಕಾಡಿದಳು, ಬೇಡಿದಳು. ಕೊನೆಗೂ ಪೆಟ್ಟಿಗೆಗಳು ಬಂದಾಗ ಮದುವೆ ಮನೆಯವಳಂತೆ ಸಂಭ್ರಮಪಟ್ಟಳು.

ಸಂಭ್ರಮ ವಾರ ಬಾಳಲಿಲ್ಲ. ದಾಖಲೆಗೆ ಸೇರದ ಪರೀಕ್ಷೆಯ ದಿನಗಳಲ್ಲೇ ಗೊತ್ತಾಯಿತು, ಹತ್ತಿರ ಹೋದರೆ ಕಿರಿಕಿರಿ, ಇನ್ನೂ ಹತ್ತಿರ ಹೋದರೆ ಕೆಲಸವೇ ಬಂದ್, ಜೊತೆಗೆ ಎಲ್ಲಿ ಹೋದೆ, ಎಷ್ಟು ಹೊತ್ತು ಕೂತೆ ಎಂದು ಮೇಲಿನವರಿಗೆ ಚಾಡಿ. ಕೆಲಸಗಾರರು ಅದಕ್ಕೆ 'ಅತ್ತೆ' ಎಂದು ಹೆಸರಿಟ್ಟುಬಿಟ್ಟರು. ಅತ್ತೆಯನ್ನು ಗೊತ್ತುಮಾಡಿ ತಂದವಳು ಎಂದು ಇವಳಿಗೆ 'ದಲ್ಲಾಳಿ' ಎಂಬ ಹೆಸರಾಯಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದುಕೊಂಡು ಎಲ್ಲರೂ ಸೇರಿ ಬುತ್ತಿಮೂಲೆಯಲ್ಲಿ ಒಂದು ಮೊಳೆ ಹೊಡೆದರು. ಕೆಳಗಿಳಿದ ಕೂಡಲೇ ಅತ್ತೆಯರೆಲ್ಲ ಮೊಳೆಗೆ, ಸೊಸೆಯರೆಲ್ಲ ಕೆಲಸಕ್ಕೆ.

ಅವಳು ಒಮ್ಮೆ ಕೆಳಗಿಳಿದಾಗ ಆ ಮೊಳೆಯನ್ನು ಕಣ್ಣಾರೆ ಕಂಡಿದ್ದಳು. ಐದೂ ಟ್ಯಾಗುಗಳು ಗಂಟೆಗಳ ಹಾಗೆ ಸಾಲಾಗಿ ತೂಗುತ್ತಿದ್ದವು. ಎಲ್ಲಕ್ಕಿಂತ ಮುಂದಿನದು ಅಣ್ಣನದು. ಆ ಕ್ಷಣವೇ ಮೇಲೆ ತಿಳಿಸಬೇಕಿತ್ತು. ತಿಳಿಸಿದರೆ ನಿಯಮದ ಪ್ರಕಾರ ಐದೂ ಜನ ಮನೆಗೆ, ಮೊದಲ ಹೆಸರು ಅಣ್ಣನದೇ. ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ನುಂಗಿದಳು.

ಇನ್ನೂ ಸಿಟ್ಟು ಬರಿಸುವ ಸಂಗತಿಯೆಂದರೆ ಅದನ್ನು ಹಾಕಿಕೊಂಡು ಕೆಲಸ ಮಾಡಲಾಗದು ಎಂದು ಅಣ್ಣ ಹೇಳುವುದರಲ್ಲಿ ಸುಳ್ಳಿರಲಿಲ್ಲ. ಟ್ಯಾಗ್ ಮಾಡಿದ ಕಂಪನಿಯವರು ಮೆಷಿನ್ನಿಗೂ ಮನುಷ್ಯನಿಗೂ ಎಷ್ಟು ದೂರವಿರಬೇಕೆಂದು ಲೆಕ್ಕ ಹಾಕಿದ್ದು ವಿಶಾಲವಾದ, ಧೂಳಿಲ್ಲದ, ದೀಪ ಹಾಕಿದ ಶೆಡ್ಡಿನಲ್ಲಿ. ಈ ಗಣಿಯ ದಾರಿಗಳು ಇಬ್ಬರು ಎದುರಾದರೆ ಒಬ್ಬ ಗೋಡೆಗೆ ಒರಗಬೇಕಾದಷ್ಟು ಕಿರಿದು. ಅಷ್ಟು ದೂರ ನಿಂತರೆ ಮೆಷಿನ್ನಿನ ಹಲ್ಲು ಕಲ್ಲಿದ್ದಲನ್ನು ಕಚ್ಚುತ್ತಿದೆಯೋ ಕಲ್ಲನ್ನು ಕಚ್ಚುತ್ತಿದೆಯೋ ಕಾಣುವುದಿಲ್ಲ. ಕಾಣುವಷ್ಟು ಹತ್ತಿರ ಬಂದರೆ ಮೆಷಿನ್ ನಿಲ್ಲುತ್ತದೆ. ದೂರವನ್ನು ಒಂದಿಷ್ಟು ಕಡಿಮೆ ಮಾಡಿದರೆ ಮುಗಿಯಿತು. ಆದರೆ ಆ ಒಂದಿಷ್ಟು ಕಡಿಮೆ ಮಾಡುವುದಿದೆಯಲ್ಲ, ಅದು ಯಾರ ಕೈಲೂ ಇರಲಿಲ್ಲ.

ಅವತ್ತು ಮತ್ತೆ ಮ್ಯಾನೇಜರ್ ಕೋಣೆಗೆ ಹೋದಳು. ಮೇಜಿನ ಮೇಲೆ ಫಳಫಳ ಹೊಳೆಯುವ ಒಂದು ಫಲಕ. ಯಾವ ಅಡಚಣೆಯೂ ಇಲ್ಲದೆ ಹೊಸ ತಂತ್ರಜ್ಞಾನ ಅಳವಡಿಸಿಕೊಂಡ ಗಣಿ ಎಂದು ಮುಖ್ಯ ಕಚೇರಿ ಕೊಟ್ಟದ್ದು.

"ಸಾರ್, ಆ ದೂರದ ವಿಷಯ..."

"ಯಾವ ದೂರ? ದಾಖಲೆ ನೋಡಿ. ಟ್ಯಾಗ್ ಬಂದ ಮೇಲೆ ಮೆಷಿನ್ ಅದರಿಂದ ನಿಂತಿದ್ದೇ ಇಲ್ಲ."

"ಹಾಕ್ಕೊಂಡ್ರೆ ತಾನೇ ಸಾರ್ ನಿಲ್ಲೋದು."

ಮ್ಯಾನೇಜರ್ ಪೆನ್ನಿನ ಮುಚ್ಚಳ ತೆಗೆದ. "ಹಾಕ್ಕೊಳ್ತಿಲ್ಲ ಅಂತ ಬರೆದುಕೊಡಿ ಹಾಗಾದ್ರೆ. ಹೆಸರು ಸಮೇತ. ಇವತ್ತೇ ಅವರನ್ನ ಮನೆಗೆ ಕಳಿಸ್ತೀನಿ." ಯಾರ ಹೆಸರನ್ನು ಅವಳು ಬರೆಯಲಾರಳು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಮುಚ್ಚಳ ಹಾಕಿದ. "ನಾಳೆ ಮುಖ್ಯ ಕಚೇರಿಯವರು ಬರ್ತಿದ್ದಾರೆ, ನಮ್ಮ ವ್ಯವಸ್ಥೆ ನೋಡೋಕೆ. ನೀವೇ ವಿವರಿಸಬೇಕು. ಸ್ವಲ್ಪ ನಗುಮುಖ ಇಟ್ಕೊಂಡು ಬನ್ನಿ."

ಹೊರಗೆ ಬಂದು ಟ್ಯಾಗ್ ಕಂಪನಿಗೆ ಫೋನ್ ಮಾಡಿದಳು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗಾಯಿತು. ದೂರ ಬದಲಾಯಿಸಲು ಪರವಾನಗಿ ಕಚೇರಿಯ ಒಪ್ಪಿಗೆ ಬೇಕಂತೆ. ಒಪ್ಪಿಗೆ ಕೊಡಲು ಆ ಕಚೇರಿಗೆ ಗಣಿಯಲ್ಲಿ ತೊಂದರೆಯಾಗಿದೆ ಎಂಬ ದಾಖಲೆ ಬೇಕಂತೆ. "ನಿಮ್ಮ ಗಣಿಯಿಂದ ಒಂದೇ ಒಂದು ತೊಂದರೆ ದಾಖಲಾಗಿಲ್ಲ ಮೇಡಂ. ಬೇರೆ ಗಣಿಯವರಿಗೆ ನಾವು ನಿಮ್ಮನ್ನೇ ಉದಾಹರಣೆ ಕೊಡ್ತೀವಿ," ಎಂದ ಆ ಕಡೆಯವನು, ತುಂಬ ಪ್ರೀತಿಯಿಂದ. ಫೋನನ್ನು ಗೋಡೆಗೆ ಎಸೆಯಬೇಕೆನಿಸಿತು. ಅದು ಅವಳ ಸ್ವಂತ ಫೋನಾದ್ದರಿಂದ ಎಸೆಯಲಿಲ್ಲ.

ಸಂಜೆ ಮನೆಯಲ್ಲಿ ಅಣ್ಣ ಬಚ್ಚಲಿನಿಂದ ಬಂದು ಊಟಕ್ಕೆ ಕೂತ. ಎಷ್ಟು ತಿಕ್ಕಿದರೂ ಅವನ ರೆಪ್ಪೆಯ ಅಂಚಿಗೆ ಕಲ್ಲಿದ್ದಲಿನ ಕಾಡಿಗೆ ಉಳಿದೇ ಇರುತ್ತಿತ್ತು. ಅತ್ತಿಗೆ ಬಾಗಿಲ ಬಳಿ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಲಂಗದ ಅಂಚು ಮಡಿಸುತ್ತಿದ್ದಳು. ಒಂದೇ ಮನೆ, ಒಂದೇ ಗಣಿಯ ಅನ್ನ. ಆದರೆ ಟ್ಯಾಗಿನ ಮಾತು ಬಂದರೆ ಅಣ್ಣತಂಗಿ ಎಣ್ಣೆ ಸೀಗೆಕಾಯಿ.

"ಅಣ್ಣ, ಒಂದು ಮಾತು. ಸಿಟ್ಟಾಗಬೇಡ."

"ಸಿಟ್ಟಾಗಬೇಡ ಅಂತ ಶುರು ಮಾಡಿದ್ರೆ ಸಿಟ್ಟಾಗೋ ಮಾತೇ."

"ಒಂದೇ ಒಂದು ಪಾಳಿ ಹಾಕ್ಕೋ. ಎಷ್ಟು ಸಲ ನಿಲ್ಲುತ್ತೋ ನಿಲ್ಲಲಿ. ಅಷ್ಟೂ ದಾಖಲೆಗೆ ಹೋಗುತ್ತೆ. ಆಮೇಲೆ ತೊಂದರೆ ಇಲ್ಲ ಅಂತ ಯಾರೂ ಅನ್ನೋ ಹಾಗಿಲ್ಲ. ಆ ದೂರ ಕಡಿಮೆ ಮಾಡಿಸೋದು ನನ್ನ ಜವಾಬ್ದಾರಿ."

"ಅವತ್ತಿನ ಕಲ್ಲಿದ್ದಲು ಯಾರ ಜವಾಬ್ದಾರಿ? ಬೆಲ್ಟು ಖಾಲಿ ಬಂದ್ರೆ ಮ್ಯಾನೇಜರ್ ನಿನ್ನ ಕೊರಳಪಟ್ಟಿ ಹಿಡಿಯಲ್ಲ, ನಂದು ಹಿಡೀತಾನೆ. ಬೋನಸ್ ಹೋಯ್ತು ಅಂತ ಉಳಿದ ನಾಲ್ಕು ಜನರ ಮನೆಯವರು ಶಾಪ ಹಾಕೋದೂ ನನಗೇ. ಮೊದಲು ನೀನು ದೂರ ಕಡಿಮೆ ಮಾಡಿಸು, ಆಮೇಲೆ ಹಾಕ್ಕೊಳ್ತೀನಿ."

"ನೀನು ಹಾಕ್ಕೊಳ್ಳದೆ ಅವರು ಮಾಡಲ್ಲ ಅಂತ ತಾನೇ ನಾನು ಬಡ್ಕೊಳ್ತಿರೋದು!"

"ಅವರು ಮಾಡದೆ ನಾನು ಹಾಕ್ಕೊಳ್ಳಲ್ಲ."

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಅವಳ ತಲೆ ಚಿಟ್ಟು ಹಿಡಿಯಿತು. ಇಡೀ ದಿನ ಮ್ಯಾನೇಜರಿಗೆ ಹೇಳಲಾಗದ್ದು, ಫೋನಿನವನಿಗೆ ಹೇಳಲಾಗದ್ದು, ಎಲ್ಲವೂ ಒಟ್ಟಾಗಿ ಅಣ್ಣನ ಮೇಲೆ ಬಿತ್ತು.

"ಅವನು ಸತ್ತಾಗ ರಿಮೋಟ್ ಯಾರ ಕೈಲಿತ್ತು, ಅದನ್ನಾದ್ರೂ ನೆನಪು ಮಾಡ್ಕೋ."

ಹೊಲಿಗೆ ಯಂತ್ರ ನಿಂತಿತು. ಅಣ್ಣ ಕೈಯಲ್ಲಿದ್ದ ತುತ್ತನ್ನು ಮೆಲ್ಲಗೆ ತಟ್ಟೆಗೆ ಇಳಿಸಿದ.

"ನನ್ನ ಕೈಲಿತ್ತು," ಎಂದ. "ದಿನಾ ನೆನಪು ಮಾಡೋಕೆ ನಿನ್ನ ಟ್ಯಾಗ್ ಬೇಕಾಗಿಲ್ಲ ನಂಗೆ." ಎದ್ದು ಕೈ ತೊಳೆದು ಒಳಕೋಣೆಗೆ ಹೋದ.

"ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಇಷ್ಟು ಓದಿದೀಯ, ಇದು ಗೊತ್ತಾಗಲಿಲ್ವಾ ನಿನಗೆ?" ಎಂದಳು ಅತ್ತಿಗೆ. ಬೆಳಿಗ್ಗೆ ತಂಗಿ ಏಳುವಷ್ಟರಲ್ಲಿ ಅಣ್ಣ ಬುತ್ತಿ ತೆಗೆದುಕೊಂಡು ಹೋಗಿಯಾಗಿತ್ತು. ಮಾತಾಡಿಸದೆ ಹೋದ ಎಂದರೆ ಹಠ ಬಿಟ್ಟಿಲ್ಲ ಎಂದೇ ಅವಳು ತಿಳಿದಳು.

ಮುಖ್ಯ ಕಚೇರಿಯಿಂದ ಬಂದವರು ಮೂರು ಜನ. ಒಬ್ಬನ ಶೂ ಎಷ್ಟು ಹೊಳೆಯುತ್ತಿತ್ತೆಂದರೆ ಅದು ಗಣಿಯ ಅಂಗಳ ತುಳಿದದ್ದೇ ಅನುಮಾನ. ಸಭೆಯ ಕೋಣೆಯಲ್ಲಿ ಬೆಳಗಿನಿಂದ ಅವಳು ಅವರಿಗೆ ಟ್ಯಾಗಿನ ಗುಣಗಾನ ಮಾಡಿದಳು. ಮೆಷಿನ್ ಹೇಗೆ ನಿಲ್ಲುತ್ತದೆ, ಕೆಳಗೆ ಅನಾಹುತವಾದರೆ ಪರದೆ ನೋಡಿ ಜನ ಎಲ್ಲಿದ್ದಾರೆಂದು ಹೇಗೆ ತಿಳಿಯಬಹುದು, ಒಂದು ಕಡೆ ತಂತಿ ಕಡಿದರೂ ಸುದ್ದಿ ಬರಲೆಂದು ಹಠ ಹಿಡಿದು ಬೇರೆ ದಾರಿಯಲ್ಲಿ ಇನ್ನೊಂದು ತಂತಿ ಹೇಗೆ ಎಳೆಸಿದೆ. ಅವರು ತಲೆದೂಗಿದರು. ಹೇಳಿದ್ದೆಲ್ಲ ನಿಜವೇ. ಒಂದು ಮೊಳೆಯ ವಿಷಯವನ್ನಷ್ಟೇ ಬಿಟ್ಟಿದ್ದಳು.

ಮೂರನೆಯವನು ಏನೋ ಪ್ರಶ್ನೆ ಕೇಳುತ್ತಿದ್ದಾಗ ಆಪರೇಟರ್ ಬಾಗಿಲು ತಟ್ಟದೆ ನುಗ್ಗಿದ.

"ಮೇಡಂ, ನಿಮ್ಮಣ್ಣನ ಕಡೆ ಮೇಲಿನ ಕಲ್ಲು ಕುಸಿದಿದೆ. ಫೋನ್ ಎತ್ತುತ್ತಿಲ್ಲ."

ಕಂಟ್ರೋಲ್ ರೂಮಿಗೆ ಅವಳು ಹೇಗೆ ಬಂದಳೋ ಅವಳಿಗೇ ತಿಳಿಯದು. ರಕ್ಷಣಾ ತಂಡದ ಕ್ಯಾಪ್ಟನ್ ಆಗಲೇ ನಕ್ಷೆ ಹರಡಿ ನಿಂತಿದ್ದ. ದೊಡ್ಡ ದಾರಿ ಒಂದು ಕಡೆ ಎರಡಾಗಿ ಕವಲೊಡೆಯುತ್ತದೆ. ಎಡಕ್ಕೆ ಹೋದರೆ ಮೆಷಿನ್ ಕೊರೆಯುವ ಜಾಗ, ಬಲಕ್ಕೆ ಹೋದರೆ ಬುತ್ತಿಮೂಲೆ. ಸರಿಯಾಗಿ ಆ ಕವಲಿನಲ್ಲೇ ಕುಸಿದು, ಎರಡೂ ಬಾಯಿ ಮುಚ್ಚಿಹೋಗಿದ್ದವು.

"ಎರಡೂ ಕಡೆ ಒಟ್ಟಿಗೆ ಅಗೆಯೋಕೆ ಜಾಗ ಇಲ್ಲ, ಮೇಲಿನ ಕಲ್ಲು ಇನ್ನೂ ಉದುರ್ತಿದೆ," ಎಂದ ಕ್ಯಾಪ್ಟನ್. "ಒಂದು ಕಡೆ ಹೇಳಿ. ಎಡಕ್ಕೋ, ಬಲಕ್ಕೋ?" ಆಪರೇಟರ್ ನೀರಿನ ಬಾಟಲಿ, ಕನ್ನಡಕದ ಡಬ್ಬಿ ಬದಿಗೆ ಸರಿಸಿದ. ಐದು ಹಸಿರು ಚುಕ್ಕೆಗಳು ಬುತ್ತಿಮೂಲೆಯಲ್ಲಿದ್ದವು. ಕ್ಯಾಪ್ಟನ್ ಅವುಗಳ ಮೇಲೆ ಬೆರಳಿಟ್ಟ. "ಇಲ್ಲೇ ಇದ್ದಾರಲ್ಲ. ಬಲಕ್ಕೆ."

"ಅದನ್ನ ನಂಬಬೇಡಿ," ಎಂದಳು ಅವಳು.

ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮುಖ್ಯ ಕಚೇರಿಯ ಮೂವರೂ ಬಾಗಿಲಲ್ಲಿ ನಿಂತಿದ್ದರು. ಮ್ಯಾನೇಜರ್ ತನ್ನ ಕಾಲಬೆರಳುಗಳನ್ನು ನೋಡಿಕೊಳ್ಳುವವನ ಹಾಗೆ ತಲೆ ತಗ್ಗಿಸಿದ.

"ಅದು ಅವರಲ್ಲ, ಬರೀ ಟ್ಯಾಗುಗಳು. ಅಲ್ಲೊಂದು ಮೊಳೆ ಇದೆ. ದಿನಾ ಅಲ್ಲಿ ತಗುಲಿಸಿ ಕೆಲಸಕ್ಕೆ ಹೋಗ್ತಾರೆ. ನಾನೇ ನೋಡಿದೀನಿ. ಎಡಕ್ಕೆ ಹೋಗಿ."

"ಮೆಷಿನ್ ಆಗಲೇ ನಿಂತಿತ್ತು ಮೇಡಂ," ಎಂದ ಆಪರೇಟರ್ ಅನುಮಾನಿಸುತ್ತ, "ಕುಸಿಯೋಕೆ ಮುಂಚೆನೇ."

"ಹಲ್ಲು ಬದಲಾಯಿಸ್ತಿರ್ತಾರೆ. ಅದೂ ಅಲ್ಲೇ ತಾನೇ ಮಾಡೋದು? ಕ್ಯಾಪ್ಟನ್, ನನ್ನಣ್ಣ ಇದಾನೆ ಅಲ್ಲಿ. ಗೊತ್ತಿಲ್ಲದೆ ಹೇಳ್ತೀನಾ?"

ಒಡಹುಟ್ಟಿದವಳ ಮಾತನ್ನು ತಳ್ಳಿಹಾಕಲು ಅವನಿಗೆ ಯಾವ ಕಾರಣವೂ ಇರಲಿಲ್ಲ. ಎಡಕ್ಕೆ ಎಂದು ಕೆಳಗೆ ಹೇಳಿ ಕಳಿಸಿದ.

ಕುಸಿದ ಕಲ್ಲನ್ನು ಅಗೆಯುವುದೆಂದರೆ ಮಣ್ಣು ತೋಡಿದಷ್ಟು ಸುಲಭವಲ್ಲ. ಒಂದು ಬಂಡೆ ಸರಿಸಬೇಕು, ತಲೆಯ ಮೇಲೆ ಮರದ ಆಸರೆ ಕೊಡಬೇಕು, ಉಸಿರು ಬಿಗಿಹಿಡಿದು ಸದ್ದು ಕೇಳಬೇಕು, ಮತ್ತೆ ಇನ್ನೊಂದು ಬಂಡೆ. ಮಧ್ಯಾಹ್ನವೆಲ್ಲ ಹೀಗೇ ಹೋಯಿತು. ಅತ್ತಿಗೆ ಗಣಿಯ ಗೇಟಿನ ಬಳಿ ಬಂದು ನಿಂತಿದ್ದಾಳೆಂದು ಯಾರೋ ಹೇಳಿದರು. ಅವಳ ಸೆರಗಿನಲ್ಲಿ ಸೂಜಿ ಹಾಗೇ ಚುಚ್ಚಿಕೊಂಡಿತ್ತಂತೆ. ಸುರಕ್ಷತಾ ಅಧಿಕಾರಿ ಗೇಟಿನ ಕಡೆ ಹೋಗಲಿಲ್ಲ. ಹೋದರೆ ಏನು ಹೇಳುವುದು? ಫೋನಿನ ಪಕ್ಕದಲ್ಲೇ ಕೂತು, ಮೊಳೆ ಹೊಡೆದವರನ್ನು ಬೈದುಕೊಂಡಳು, ಫಲಕ ಕೊಟ್ಟವರನ್ನು ಬೈದುಕೊಂಡಳು, ಶೆಡ್ಡಿನಲ್ಲಿ ಕೂತು ದೂರ ಅಳೆದವನ ಏಳು ತಲೆಮಾರನ್ನು ಬೈದುಕೊಂಡಳು.

ಹೊತ್ತು ಇಳಿಯುವಾಗ ಫೋನ್ ಬಂತು. ಕ್ಯಾಪ್ಟನ್ ದನಿ ಏದುಸಿರಿನಲ್ಲಿತ್ತು.

"ಮೆಷಿನ್ ಹತ್ರ ಬಂದ್ವಿ ಮೇಡಂ. ಅದಕ್ಕೇನೂ ಆಗಿಲ್ಲ. ರಿಮೋಟ್ ಅದರ ಮೇಲೇ ಇಟ್ಟಿದೆ. ಇಲ್ಲಿ ಯಾರೂ ಇಲ್ಲ."

ಅವಳು ಪರದೆಯ ಕಡೆ ತಿರುಗಿದಳು. ಇಡೀ ಮಧ್ಯಾಹ್ನ ಅದಕ್ಕೆ ಬೆನ್ನು ಹಾಕಿ ಕೂತಿದ್ದಳು. ನಾಲ್ಕು ಚುಕ್ಕೆಗಳು ಈಗ ಒಂದೇ ಕಡೆ ಗುಂಪುಗೂಡಿದ್ದವು. ಒಂದು ಬೇರೆಯಾಗಿ ಉಳಿದಿತ್ತು. ಅವಳು ನೋಡುತ್ತಿದ್ದಂತೆಯೇ ಗುಂಪಿನಿಂದ ಒಂದು ಚುಕ್ಕೆ ಮೆಲ್ಲಗೆ ಆ ಒಂಟಿ ಚುಕ್ಕೆಯ ಹತ್ತಿರ ಹೋಯಿತು, ಸ್ವಲ್ಪ ಹೊತ್ತು ನಿಂತಿತು, ಹಿಂದಕ್ಕೆ ಬಂತು. ಮೊಳೆಗೆ ನೇತುಹಾಕಿದ ಟ್ಯಾಗ್ ನಡೆಯುವುದಿಲ್ಲ.

ಬಲಕ್ಕೆ ತಿರುಗಿ ಮತ್ತೆ ಅಷ್ಟೇ ಹೊತ್ತು ಅಗೆದರು. ಐದೂ ಜನ ಜೀವಂತವಾಗಿದ್ದರು. ನಾಲ್ವರಿಗೆ ತರಚು ಗಾಯ. ಕವಲಿನ ಕಡೆಗೆ ಕೂತಿದ್ದ ಅಣ್ಣನ ಬಲಗಾಲು ಅಷ್ಟೂ ಹೊತ್ತು ಬಂಡೆಯ ಕೆಳಗಿತ್ತು. ಸ್ವಲ್ಪ ಬೇಗ ತಂದಿದ್ದರೆ ಉಳಿಸಬಹುದಿತ್ತು ಎಂದು ವೈದ್ಯರು ಹೇಳಿ, ಮೊಣಕಾಲಿನಿಂದ ಕೆಳಗೆ ತೆಗೆದರು.

ವಿಚಾರಣೆಯಲ್ಲಿ ಆ ದಿನದ ಚುಕ್ಕೆಗಳ ಓಡಾಟವನ್ನು ಪರದೆಯ ಮೇಲೆ ಮತ್ತೆ ಓಡಿಸಿದರು. ಬೆಳಗಿನಿಂದ ಐದೂ ಚುಕ್ಕೆಗಳು ಮೆಷಿನ್ನಿನ ಬಳಿ ಇದ್ದವು. ಮುಂದೆ ಹೋಗುವುದು, ಮೆಷಿನ್ ನಿಲ್ಲುವುದು, ಹಿಂದೆ ಸರಿಯುವುದು. ಮತ್ತೆ ಮುಂದೆ, ಮತ್ತೆ ನಿಲ್ಲುವುದು. ಕೊನೆಗೆ ಐದೂ ಸಾಲಾಗಿ ನಡೆದು ಬುತ್ತಿಮೂಲೆಗೆ ಹೋಗಿ ಕೂತವು. ಟ್ಯಾಗ್ ಬಂದ ಮೇಲೆ ಅದನ್ನು ಇಡೀ ಪಾಳಿ ಹಾಕಿಕೊಂಡ ಮೊದಲ ತಂಡ ಅದು.

"ನಮ್ಮ ಉಪಕರಣ ನಿಜವನ್ನೇ ತೋರಿಸಿದೆ," ಎಂದ ಟ್ಯಾಗ್ ಕಂಪನಿಯವನು.

"ಸುರಕ್ಷತಾ ಅಧಿಕಾರಿಯೇ ನಂಬದ ಉಪಕರಣವನ್ನ ಕೆಲಸಗಾರರು ಹೇಗೆ ನಂಬ್ತಾರೆ?" ಎಂದ ಮ್ಯಾನೇಜರ್. ಮೊಳೆಯ ವಿಷಯ ತಾನು ಅಂದೇ ಮೊದಲು ಕೇಳಿದವನಂತೆ ಹುಬ್ಬೇರಿಸಿದ್ದ. ಇಬ್ಬರ ಮಾತೂ ನಿಜ. ಮುಂದಿನ ಆದೇಶದವರೆಗೆ ಟ್ಯಾಗುಗಳನ್ನು ಬಳಸಬಾರದೆಂದು ತೀರ್ಮಾನವಾಯಿತು. ಈಗಲಾದರೂ ಆ ದೂರ ಕಡಿಮೆ ಮಾಡಿ, ಬೇಕಾದಷ್ಟು ದಾಖಲೆ ಇದೆಯಲ್ಲ ಎಂದು ಅವಳು ಎದ್ದು ನಿಂತು ಕೇಳಿದಳು. ಬಳಕೆಯಲ್ಲಿಲ್ಲದ ಉಪಕರಣದ ಬಗ್ಗೆ ಅಂಥ ಅರ್ಜಿ ಹಾಕಲು ಬರುವುದಿಲ್ಲ ಎಂದು ಬಹಳ ಮರ್ಯಾದೆಯಿಂದ ತಿಳಿಸಿದರು. ಸಾಯಂಕಾಲದೊಳಗೆ ಟ್ಯಾಗುಗಳೆಲ್ಲ ಬಂದ ಪೆಟ್ಟಿಗೆಗೇ ಮರಳಿದವು.

ಅಲ್ಲಿಂದ ನೇರ ಆಸ್ಪತ್ರೆಗೆ ಹೋದಳು. ಅಣ್ಣ ಆ ದಿನ ಮೊದಲ ಸಲ ದಿಂಬಿಗೆ ಒರಗಿ ಕೂತಿದ್ದ. ಹೊದಿಕೆಯ ಕೆಳಗೆ ಒಂದು ಕಡೆ ಉಬ್ಬಿತ್ತು, ಇನ್ನೊಂದು ಕಡೆ ಚಪ್ಪಟೆಯಾಗಿತ್ತು. ಅತ್ತಿಗೆ ಪಕ್ಕದ ಸ್ಟೂಲಿನ ಮೇಲೆ ಕೂತು ಲೋಟಕ್ಕೆ ನೀರು ಬಗ್ಗಿಸುತ್ತಿದ್ದಳು.

"ಬಂದ್ಯಾ ದಲ್ಲಾಳಿ," ಎಂದ ಅಣ್ಣ. ನಗಲು ನೋಡಿದ. "ಅತ್ತೆ ಏನ್ ಕಾಟ ಕೊಟ್ಟಳೇ ಮಾರಾಯ್ತಿ. ಎಷ್ಟು ಸಲ ನಿಲ್ಸಿದ್ಲು ಅಂತ ನೀನು ಕೇಳ್ತೀಯಲ್ಲ ಅಂತ ಎಣಿಸ್ತಾನೇ ಇದ್ದೆ. ಆಮೇಲೆ ಲೆಕ್ಕ ತಪ್ಪಿತು. ಕೊನೆಗೆ ಮೆಷಿನ್ ಮತ್ತೆ ಚಾಲೂನೇ ಆಗ್ಲಿಲ್ಲ, ರಿಪೇರಿಗೆ ಫಿಟ್ಟರ್ ಬರಲಿ, ಅಲ್ಲೀವರೆಗೂ ಕೂತಿರೋಣ ಅಂತ ಎಲ್ರನ್ನೂ ಕರ್ಕೊಂಡು ಹೋದೆ."

ಅವಳು ಹಾಸಿಗೆಯ ಕಬ್ಬಿಣದ ಅಂಚು ಹಿಡಿದುಕೊಂಡಳು.

"ಕಲ್ಲು ಬಿದ್ದ ಮೇಲೆ ಹುಡುಗರು ಹೆದರಿ ಅರ್ಧ ಆದ್ರು. ಒಬ್ಬ ಹೆಂಡತಿ ಹೆಸರು ಹೇಳ್ಕೊಂಡು ಅಳೋಕೇ ಶುರು ಮಾಡ್ದ. ನಾನೇ ಧೈರ್ಯ ಹೇಳ್ದೆ. ಇವತ್ತು ಟ್ಯಾಗ್ ಹಾಕ್ಕೊಂಡಿದೀವಲ್ಲ, ಮೇಲೆ ನನ್ನ ತಂಗಿ ನೋಡ್ತಿರ್ತಾಳೆ, ಐದೂ ಜನ ಕಾಣ್ತಿರ್ತೀವಿ, ನೇರ ಇಲ್ಲಿಗೇ ಬರ್ತಾರೆ ಅಂತ." ನೀರು ಕುಡಿದು ಲೋಟವನ್ನು ಅತ್ತಿಗೆಯ ಕೈಗೆ ಕೊಟ್ಟ. "ತುಂಬ ತಡ ಆಯ್ತಲ್ಲ. ಪರದೆ ಕೆಟ್ಟಿತ್ತಾ?"

ಅತ್ತಿಗೆಯೂ ತಲೆಯೆತ್ತಿ ಅವಳನ್ನು ನೋಡಿದಳು. ಅವರಿಬ್ಬರಿಗೂ ಯಾರೂ ಇನ್ನೂ ಏನೂ ಹೇಳಿರಲಿಲ್ಲ. ಹೂಂ ಅಂದುಬಿಟ್ಟರೆ ಮುಗಿಯುತ್ತಿತ್ತು. ಉಪಕರಣ ಕೆಟ್ಟಿತ್ತು ಎಂದರೆ ಈ ಊರಲ್ಲಿ ಯಾರೂ ಮರುಪ್ರಶ್ನೆ ಕೇಳುವುದಿಲ್ಲ.

"ಇಲ್ಲಣ್ಣ, ಕೆಟ್ಟಿರಲಿಲ್ಲ," ಎಂದಳು. "ಕಾಣ್ತಿದ್ರಿ. ಐದೂ ಜನ ಬುತ್ತಿಮೂಲೆಲೇ ಕಾಣ್ತಿದ್ರಿ. ಕ್ಯಾಪ್ಟನ್ ಅಲ್ಲಿಗೇ ಹೊರಟಿದ್ರು. ಅದನ್ನ ನಂಬಬೇಡಿ ಅಂದವಳು ನಾನು."

ಅಣ್ಣ ಅವಳ ಮುಖವನ್ನು ನೋಡುತ್ತಲೇ ಇದ್ದ. ಬೈಯುತ್ತಾನೆ ಎಂದು ಅವಳು ಕಾದಳು, ಬೈದಿದ್ದರೆ ಚೆನ್ನಾಗಿತ್ತು. ಅವನು ಕೈ ಚಾಚಿ ಹೊದಿಕೆಯ ಚಪ್ಪಟೆಯಾಗಿದ್ದ ಕಡೆಯನ್ನು ಒಮ್ಮೆ ಸವರಿ ಸರಿಮಾಡಿದ, ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ.